ಪ್ರೋಟ್ರೇಯ 12 ಗ್ರಾಂ ಹಾಸು: ತರಕಾರಿ ಸಸಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

(ತರಕಾರಿ ಬೆಳೆಗಾರರ ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಲೆಕ್ಕದಿಂದಲೇ ಶುರು ಮಾಡೋಣ. ಟೊಮೆಟೊವನ್ನು ಸಾಲಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟು ನಾಟಿ ಮಾಡಿದರೆ ಎಕರೆಗೆ ಸುಮಾರು 7,500 ಸಸಿ ಬೇಕು. 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ಪ್ಲಾಸ್ಟಿಕ್ ತಟ್ಟೆ) ಲೆಕ್ಕದಲ್ಲಿ ಇದು 77 ಟ್ರೇ. ಹುಟ್ಟದ ಬೀಜ, ಸೊರಗಿದ ಸಸಿ, ನಾಟಿಯಾದ ವಾರದೊಳಗೆ ತುಂಬಬೇಕಾದ ಖಾಲಿ ಕುಣಿ, ಇವಕ್ಕೆಲ್ಲ ನೂರಕ್ಕೆ ಹತ್ತರಂತೆ ಸೇರಿಸಿದರೆ 85 ಟ್ರೇ. ಒಂದು ಟ್ರೇ ಸುಮಾರು 54 ಸೆಂ.ಮೀ. ಉದ್ದ, 27 ಸೆಂ.ಮೀ. ಅಗಲ. 85 ಟ್ರೇಗಳನ್ನು ಒಂದಕ್ಕೊಂದು ತಾಗಿಸಿ ಹಾಸಿದರೆ 13 ಚದರ ಮೀಟರ್ ಕೂಡ ತುಂಬುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಇವತ್ತಿನ ಮಾತೆಲ್ಲ ಅದರ ಮೇಲೆಯೇ ನಿಂತಿರುವುದು. 98 ಗುಳಿಯ ಒಂದು ಟ್ರೇ ತುಂಬಲು ಹದವಾಗಿ ನೆನೆದ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ಸುಮಾರು 1.2 ಕೆ.ಜಿ. ಬೇಕು. ಗುಳಿ ತುಂಬುವ ಇದನ್ನೇ ಹಾಸು ಎನ್ನುತ್ತೇನೆ. ಗುಳಿಗೆ ಹಂಚಿದರೆ 12 ಗ್ರಾಂ. ಒಟ್ಲು ಪಾತಿಯಲ್ಲಿ (ನೆಲದ ಸಸಿಮಡಿಯಲ್ಲಿ) ಬೆಳೆದ ಸಸಿಗೆ ಬೇರು ಚಾಚಲು ಗೇಣುದ್ದ ಮಣ್ಣಿತ್ತು. ನೀರು ಒಂದು ಹೊತ್ತು ತಪ್ಪಿದರೆ ಕೆಳಗಿನ ತೇವ ಕಾಯುತ್ತಿತ್ತು, ಹೆಚ್ಚಾದರೆ ಪಕ್ಕಕ್ಕೆ ಬಸಿಯುತ್ತಿತ್ತು, ಗೊಬ್ಬರ ಮರೆತರೂ ಮಣ್ಣಿನ ಸಾರ ಇತ್ತು. ಟ್ರೇಯ ಸಸಿಗೆ ಇರುವುದು 12 ಗ್ರಾಂ ಹಾಸು ಮಾತ್ರ. ಮಣ್ಣು ತಾನಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಬೆಳೆಸುವವರು ಹೊತ್ತು ಹೊತ್ತಿಗೆ ಮಾಡಬೇಕು. ಟ್ರೇ ಸಸಿ ಕೆಟ್ಟಾಗ ಬೀಜವನ್ನು ಬೈಯುವುದು ವಾಡಿಕೆ. ನನ್ನ ತಿಳಿವಳಿಕೆಯಲ್ಲಿ ಹೆಚ್ಚಿನ ಸಲ ತಪ್ಪು ಇರುವುದು ನೀರಿನಲ್ಲಿ ಮತ್ತು ದಿನದ ಲೆಕ್ಕದಲ್ಲಿ.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಟ್ರೇ ಎಂಬುದು ಹಳೆಯ ಇಂಗ್ಲಿಷ್ ಪದ. ಅಂಚು ಕಟ್ಟಿದ ಮರದ ಹಲಗೆ ಅಥವಾ ಅಗಲ ಬಾಯಿಯ ಮರದ ಪಾತ್ರೆ ಅದರ ಮೊದಲ ಅರ್ಥ, ಮರ ಎಂಬುದಕ್ಕೆ ಆ ಭಾಷೆಯಲ್ಲಿರುವ ಮಾತಿಗೂ ಇದಕ್ಕೂ ನಂಟಿದೆ. ನಮ್ಮಲ್ಲಿ ಹರಿವಾಣ, ತಬಕು, ತಟ್ಟೆ ಎಂದು ಹೇಳುವ ಜಾಗಕ್ಕೆ ಅದು ಬಂದು ಕೂತಿತು. ಪ್ರೋಟ್ರೇಯ ‘ಪ್ರೋ’ ಒಂದು ಕಂಪನಿಯ ಗುರುತು ಎಂದುಕೊಂಡವರಿದ್ದಾರೆ. ಅದು ಪ್ರಾಪಗೇಶನ್ ಎಂಬುದರ ಮೊಟಕು ರೂಪ, ಸಸ್ಯಾಭಿವೃದ್ಧಿಯ ತಟ್ಟೆ ಎಂದರ್ಥ.

ಗುಳಿಯ ಆಕಾರದಲ್ಲೇ ಅರ್ಧ ವಿಜ್ಞಾನ

ಟ್ರೇಯನ್ನು ತಲೆಕೆಳಗು ಮಾಡಿ ಹಿಡಿದು ನೋಡಿ. ಉದ್ದಕ್ಕೆ 14, ಅಗಲಕ್ಕೆ 7 ಗುಳಿ. ಪ್ರತಿ ಗುಳಿಯೂ ಮೇಲೆ ಅಗಲ, ಕೆಳಗೆ ಕಿರಿದು, ತಳದಲ್ಲಿ ಒಂದು ತೂತು. ಒಳ್ಳೆಯ ಟ್ರೇಯ ಗುಳಿಗೆ ಒಳಗೋಡೆಯ ಮೇಲೆ ಮೇಲಿಂದ ಕೆಳಕ್ಕೆ ಏಣುಗಳಿರುತ್ತವೆ, ಅಥವಾ ಗುಳಿಯೇ ಮೂಲೆಗಳುಳ್ಳದ್ದಾಗಿರುತ್ತದೆ. ದುಂಡಗಿನ, ನುಣುಪಾದ ಕುಂಡದಲ್ಲಿ ಬೇರು ಗೋಡೆಗೆ ತಾಗಿ ಸುತ್ತು ಹೊಡೆಯುತ್ತ ಹೋಗುತ್ತದೆ. ನಾಟಿ ಮಾಡಿದ ಮೇಲೂ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ಏಣು ಮತ್ತು ಮೂಲೆಗಳು ಬೇರನ್ನು ತಡೆದು ಕೆಳಮುಖ ಮಾಡಿಸುತ್ತವೆ. ಕೆಳಗೆ ಬಂದ ಬೇರಿನ ತುದಿ ತೂತಿನ ಬಳಿ ಗಾಳಿಗೆ ತಾಗಿ ಒಣಗಿ ನಿಲ್ಲುತ್ತದೆ. ತುದಿ ನಿಂತಾಗ ಹಿಂದಿನಿಂದ ಪಕ್ಕಬೇರುಗಳು ಒಡೆಯುತ್ತವೆ. ಕುಡಿ ಚಿವುಟಿದಾಗ ಪಕ್ಕದ ರೆಂಬೆ ಬರುವುದಕ್ಕೂ ಇದಕ್ಕೂ ತತ್ವ ಒಂದೇ. ಹೀಗೆ ಮೂರು ವಾರದಲ್ಲಿ 12 ಗ್ರಾಂ ಹಾಸಿನ ತುಂಬ ಸಣ್ಣ ಬೇರಿನ ಜಾಲ ಕಟ್ಟಿಕೊಂಡು, ಎತ್ತಿದರೆ ಉದುರದ ಬೇರುಮುದ್ದೆ ಸಿಗುತ್ತದೆ.

ಕೆಳಕ್ಕೆ ಕಿರಿದಾಗುವ ಗುಳಿಯ ಈ ಉಪಾಯ ವ್ಯಾಪಾರಿ ಮಟ್ಟದಲ್ಲಿ ರೂಪುಗೊಂಡದ್ದು ಅಮೆರಿಕದ ಫ್ಲಾರಿಡಾದಲ್ಲಿ, 1960ರ ದಶಕದ ಕೊನೆಗೆ. ಜಾರ್ಜ್ ಟಾಡ್ ಎಂಬ ಬೆಳೆಗಾರ ತಲೆಕೆಳಗಾದ ಪಿರಮಿಡ್ ಆಕಾರದ ಗುಳಿಗಳ ಟ್ರೇಯನ್ನು ಹಗುರವಾದ ಥರ್ಮೊಕೋಲ್ ಜಾತಿಯ ವಸ್ತುವಿನಲ್ಲಿ ಮಾಡಿದರು. ನಮ್ಮಲ್ಲಿ ಬಂದದ್ದು ತೆಳು ಪ್ಲಾಸ್ಟಿಕ್ ರೂಪ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದಕ್ಕೆ ಕೋಕೋಪೀಟ್ ಜೋಡಿಸಿ ನಮ್ಮ ಹವೆಗೆ ಹೊಂದುವ ಕ್ರಮ ಕೊಟ್ಟಿತು. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಸೀಮೆಯಲ್ಲಿ ಇವತ್ತು ಸಸಿ ಎಂದರೆ ಟ್ರೇ ಸಸಿಯೇ.

ಬೇರು ಗಾಳಿಗೆ ತಾಗಬೇಕು ಎಂದೆನಲ್ಲ, ಅದಕ್ಕೇ ಟ್ರೇಯನ್ನು ನೆಲದ ಮೇಲೆ ಇಡಬಾರದು. ನೆಲಕ್ಕೆ ತಾಗಿದರೆ ಬೇರು ತೂತು ದಾಟಿ ಮಣ್ಣಿಗೆ ಇಳಿಯುತ್ತದೆ. ಸಸಿ ನೋಡಲು ಹಸಿರಾಗಿ, ಹುಲುಸಾಗಿ ಕಾಣುತ್ತದೆ, ಬೆಳೆಸಿದವರಿಗೆ ಖುಷಿಯೂ ಆಗುತ್ತದೆ. ಟ್ರೇ ಎತ್ತಿದ ದಿನ ಇಳಿದ ಬೇರೆಲ್ಲ ಕಿತ್ತುಹೋಗಿ, ಒಟ್ಲು ಸಸಿಯಂತೆಯೇ ನಾಟಿಯಲ್ಲಿ ಬಾಡುತ್ತದೆ. ಮಣ್ಣಿನಲ್ಲಿರುವ ದುಂಡಾಣು ಸೊರಗು ರೋಗದಿಂದ ಸಸಿಯನ್ನು ದೂರ ಇಡುವುದು ಟ್ರೇಯ ದೊಡ್ಡ ಲಾಭ, ನೆಲಕ್ಕಿಟ್ಟರೆ ಅದೂ ಹೋಯಿತು. ಇಟ್ಟಿಗೆಯ ಮೇಲೆ ಬಿದಿರು ಗಳು ಹಾಸಿಯೋ, ತಂತಿ ಜಾಲರಿಯ ಮಂಚ ಮಾಡಿಯೋ ಅಡಿಯಲ್ಲಿ ಗಾಳಿ ಓಡಾಡಲು ಬಿಡಿ.

ಗುಳಿಯ ಸಂಖ್ಯೆ ಹೆಚ್ಚಿದಷ್ಟೂ ಗುಳಿ ಚಿಕ್ಕದು, ಸಸಿ ಅಗ್ಗ, ತಪ್ಪಿಗೆ ಅವಕಾಶ ಕಡಿಮೆ. ಟೊಮೆಟೊ, ಎಲೆಕೋಸು, ಹೂಕೋಸು, ಬದನೆ, ಮೆಣಸಿನಕಾಯಿ, ಚೆಂಡುಹೂವಿಗೆ 98 ಸರಿ. ಸೌತೆ, ಹಾಗಲ, ಕಲ್ಲಂಗಡಿಗೆ ಬೀಜವೂ ದೊಡ್ಡದು, ಎಲೆಯೂ ಅಗಲ. ಅವಕ್ಕೆ 50 ಅಥವಾ 70 ಗುಳಿಯದು ಒಳ್ಳೆಯದು, 98ರಲ್ಲಿ ಮಾಡುವುದಾದರೆ ದಿನ ಮೀರದಂತೆ ಬಿಗಿಯಾಗಿ ನೋಡಿಕೊಳ್ಳಬೇಕು. ದಪ್ಪ ಮೆಣಸಿನಕಾಯಿ ಐದು ವಾರಕ್ಕೂ ಹೆಚ್ಚು ಟ್ರೇಯಲ್ಲಿರುವ ಬೆಳೆ. 128 ಗುಳಿಯ ಟ್ರೇಯಲ್ಲಿ ಅದನ್ನು ಬೆಳೆಸಿ ಕೊಟ್ಟರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕೋಕೋಪೀಟ್: ಉಪ್ಪು, ನೀರು, ಗಾಳಿ

ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿಯೇ ಕೋಕೋಪೀಟ್. ತಿಪಟೂರು, ಅರಸೀಕೆರೆ ಕಡೆಯ ನಾರಿನ ಘಟಕಗಳ ಪಕ್ಕದಲ್ಲಿ ಗುಡ್ಡದಂತೆ ಬಿದ್ದಿರುತ್ತದೆ. ಅದನ್ನು ಹಾಗೇ ಚೀಲಕ್ಕೆ ತುಂಬಿ ತಂದು ಟ್ರೇಗೆ ಹಾಕಬಹುದೇ? ಬೇಡ. ಹಸಿ ಪುಡಿಯಲ್ಲಿ ಮೂರು ತೊಡಕಿವೆ. ತೆಂಗು ಪೊಟ್ಯಾಷ್ ಮತ್ತು ಕ್ಲೋರೈಡ್ ಹೀರಿ ಸಿಪ್ಪೆಯಲ್ಲಿ ಕೂಡಿಡುವ ಮರ, ಜೊತೆಗೆ ಸೋಡಿಯಂ ಇರುತ್ತದೆ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಎರಡನೆಯದು, ಅದರಲ್ಲಿರುವ ಒಗರಿನ ಅಂಶ ಮೊಳಕೆಯ ಬೇರನ್ನು ಸುಡುತ್ತದೆ. ಮೂರನೆಯದು, ಇಂಗಾಲ ತುಂಬ, ಸಾರಜನಕ ಅತ್ಯಲ್ಪ. ಸುಮಾರು 100ಕ್ಕೆ 1. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಸಿಗೆ ನೀವು ಕೊಟ್ಟ ಸಾರಜನಕವನ್ನೇ ಕಸಿಯುತ್ತವೆ.

ಆದ್ದರಿಂದ ತೊಳೆದು, ಮಾಗಿಸಿದ ಕೋಕೋಪೀಟನ್ನೇ ಕೊಳ್ಳಿ. ಅದು ಒತ್ತಿ ಮಾಡಿದ ಒಣ ಇಟ್ಟಿಗೆಯ ರೂಪದಲ್ಲಿ ಸಿಗುತ್ತದೆ, ಆ ಇಟ್ಟಿಗೆಯ ಹೊದಿಕೆಯ ಮೇಲೆ ‘ಕಡಿಮೆ ಇ.ಸಿ.’ ಎಂದಿರಬೇಕು. ಇ.ಸಿ. ಎಂದರೆ ಉಪ್ಪಿನ ಅಳತೆ, ಬೀಜದ ಟ್ರೇಗೆ ಅದು ಸೆಂ.ಮೀ.ಗೆ 0.5 ಮಿಲಿ ಸೀಮನ್ಸ್ ಒಳಗೆ ಇದ್ದರೆ ನಿಶ್ಚಿಂತೆ. ರಸಸಾರ (ಪಿ.ಎಚ್.) 5.5ರಿಂದ 6.5. ಕೈಗೆಟಕುವ ಬೆಲೆಗೆ ಸಿಗುವ ಇ.ಸಿ. ಮಾಪಕ ನಾಲ್ಕಾರು ರೈತರು ಸೇರಿ ಒಂದು ಇಟ್ಟುಕೊಳ್ಳಬೇಕಾದ ಸಾಧನ. ಕೊಳವೆ ಬಾವಿಯ ನೀರಿಗೂ ಅದೇ ಬೇಕಾಗುತ್ತದೆ. ಉಪ್ಪು ಹೆಚ್ಚಾದ ಹಾಸಿನಲ್ಲಿ ಬೀಜ ಮೊಳೆಯುವುದೇ ತಡ, ಮೊಳೆತದ್ದು ಒಂದೇ ಸಮ ಬರುವುದಿಲ್ಲ, ಬೀಜದೆಲೆಯ ಅಂಚು ಕಂದಾಗಿ ಸುಟ್ಟಂತೆ ಕಾಣುತ್ತದೆ. ಅನುಮಾನ ಬಂದರೆ ತೊಳೆಯಿರಿ: ಇಟ್ಟಿಗೆ ಅರಳಿಸಿ, ಬಲೆಯ ಚೀಲಕ್ಕೆ ಹಾಕಿ, ಮೇಲಿಂದ ಸಿಹಿನೀರು ಹರಿಸಿ, ಬಸಿದ ನೀರಿನ ಕಡುಕಂದು ಬಣ್ಣ ತಿಳಿಯಾಗುವವರೆಗೆ.

ಈಗ ನೀರಿನ ಪ್ರಮಾಣ. ಪೇಟೆಯಲ್ಲಿ ಸಿಗುವ ಇಟ್ಟಿಗೆ 5 ಕೆ.ಜಿ. ತೂಗುತ್ತದೆ. ಒಣ ತೂಕದ ಮೂರರಿಂದ ನಾಲ್ಕು ಪಟ್ಟು ನೀರು ಬೇಕು, ಅಂದರೆ 15ರಿಂದ 20 ಲೀಟರ್. ಒಮ್ಮೆಗೇ ಸುರಿಯದೆ ಎರಡು ಮೂರು ಸಲ ಕೊಟ್ಟು, ಅರಳಿದ ಮೇಲೆ ಕೈಯಿಂದ ಉಂಡೆ ಒಡೆದು ಮಗುಚಿ. 25 ಲೀಟರ್ ಸುರಿಯುವುದು ಸಾಮಾನ್ಯ ತಪ್ಪು. ಇಟ್ಟಿಗೆ ಬೇಗ ಅರಳುತ್ತದೆ ನಿಜ, ಹಾಸು ಕೆಸರಾಗುತ್ತದೆ. ಹದ ನೋಡುವ ಬಗೆ ಇದು: ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ಅಂಗೈ ತೆರೆದಾಗ ಉಂಡೆ ನಿಲ್ಲಬೇಕು, ತಟ್ಟಿದರೆ ಒಡೆಯಬೇಕು. ಹೀಗೆ ನೆನೆದ ಒಂದು ಇಟ್ಟಿಗೆ 20ರಿಂದ 25 ಕೆ.ಜಿ. ಆಗುತ್ತದೆ. ಎಕರೆಯ 85 ಟ್ರೇಗೆ ಬೇಕಾದ 102 ಕೆ.ಜಿ.ಗೆ 5 ಇಟ್ಟಿಗೆ ತಂದರೆ ಸರಿಹೋಗುತ್ತದೆ.

ಕೆಸರು ಹಾಸು ಯಾಕೆ ಅಷ್ಟು ಅಪಾಯ ಎಂಬುದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ, ಮನೆಯಲ್ಲೇ ಮಾಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಮಟ್ಟಸ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಇಳಿಯುತ್ತದೆ. ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ನಿಂತೇ ಇರುತ್ತದೆ, ಎಷ್ಟೇ ತೂತಿದ್ದರೂ. ಎತ್ತರದ ಕುಂಡದಲ್ಲಿ ಆ ಒದ್ದೆ ಪದರ ತಳಕ್ಕೆ ಮಾತ್ರ. ಪ್ರೋಟ್ರೇ ಗುಳಿಯ ಆಳ 4 ಸೆಂ.ಮೀ. ಆಸುಪಾಸು, ಅಲ್ಲಿ ಅದೇ ಪದರ ಗುಳಿಯ ಬಹುಪಾಲನ್ನು ಆವರಿಸುತ್ತದೆ. ಬೇರಿಗೆ ಉಸಿರಾಡಲು ಜಾಗವೇ ಇಲ್ಲ. ಇದೇ ಕಾರಣಕ್ಕೆ ಹಾಸನ್ನು ಬೆರಳಿಂದ ಒತ್ತಿ ಒತ್ತಿ ತುಂಬಬಾರದು. ಸಡಿಲವಾಗಿ ಸುರಿದು, ಟ್ರೇಯನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿ, ಪಟ್ಟಿಯಿಂದ ಮೇಲ್ಭಾಗ ಸವರಿ ಬಿಡಿ. ಮೂಲೆಯ ಗುಳಿಗಳು ಅರ್ಧ ತುಂಬಿ ಉಳಿಯುವುದು ಹೆಚ್ಚು, ಅಲ್ಲಿ ಕಣ್ಣಿಡಿ. ಅರ್ಧ ತುಂಬಿದ ಗುಳಿಯ ಸಸಿ ಕೊನೆಯವರೆಗೂ ಚೋಟುದ್ದವೇ.

ಬಿತ್ತನೆ, ಅಟ್ಟಿ, ಹರಡುವ ದಿನ

ತುಂಬಿದ ಹತ್ತು ಟ್ರೇಗಳನ್ನು ಒಂದರ ಮೇಲೊಂದು ಗುಳಿಗೆ ಗುಳಿ ಕೂರುವಂತೆ ಇಟ್ಟು ಮೆಲ್ಲನೆ ಒತ್ತಿದರೆ ಪ್ರತಿ ಗುಳಿಯ ನಡುವೆ ಅರ್ಧ ಸೆಂ.ಮೀ. ತಗ್ಗು ಬೀಳುತ್ತದೆ. ಬೆರಳ ತುದಿಯಿಂದ ಮಾಡಿದರೂ ಆದೀತು, ಆದರೆ ಆಳ ಒಂದೇ ಸಮ ಬರುವುದಿಲ್ಲ. ಆಳ ಹೆಚ್ಚು ಕಡಿಮೆಯಾದರೆ ಮೊಳಕೆ ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ. ಮೊದಲು ಬಂದ ಸಸಿ ಪಕ್ಕದ್ದಕ್ಕೆ ನೆರಳು ಕೊಡುತ್ತದೆ, ಹಿಂದುಳಿದದ್ದು ಹಿಂದೆಯೇ ಉಳಿಯುತ್ತದೆ. ಗುಳಿಗೆ ಒಂದೇ ಬೀಜ. ಮೇಲೆ ಅದೇ ಹಾಸಿನ ತೆಳು ಮುಚ್ಚಿಗೆ. ಹದ ಸರಿಯಿದ್ದರೆ ಬಿತ್ತುವ ಮುಂಚೆಯೂ ನೀರು ಬೇಡ, ಬಿತ್ತಿದ ಮೇಲೂ ಬೇಡ. ಇಲ್ಲಿ ರೋಸ್‌ಕ್ಯಾನ್ (ತೂತು ಬಾಯಿಯ ನೀರು ಹಾಕುವ ಡಬ್ಬಿ) ಹಿಡಿಯುವ ಕೈಯನ್ನು ತಡೆಯುವುದೇ ಕಷ್ಟ.

ಬಿತ್ತಿದ ಟ್ರೇಗಳನ್ನು ಹತ್ತರಂತೆ ಅಟ್ಟಿ ಹಾಕಿ, ಮೇಲೊಂದು ಖಾಲಿ ಟ್ರೇ ಮುಚ್ಚಿ, ಇಡೀ ಅಟ್ಟಿಗೆ ಪಾಲಿಥಿನ್ ಹೊದಿಸಿ ನೆರಳಿನಲ್ಲಿಡಿ. ಈ ಸಲ ಗುಳಿಗೆ ಗುಳಿ ಕೂರಿಸಬೇಡಿ; ಅರ್ಧ ಗುಳಿಯಷ್ಟು ಸರಿಸಿಟ್ಟರೆ ಮೇಲಿನದರ ತಳ ಕೆಳಗಿನದರ ಅಂಚಿನ ಮೇಲೆ ನಿಲ್ಲುತ್ತದೆ, ಬೀಜ ಒತ್ತಿಹೋಗುವುದಿಲ್ಲ. ಹತ್ತಕ್ಕಿಂತ ಎತ್ತರ ಬೇಡ, ತಳದ ಟ್ರೇಯ ಮೇಲೆ ಆಗಲೇ ಹತ್ತು ಕೆ.ಜಿ.ಗೂ ಮೀರಿದ ಭಾರ ಕೂತಿರುತ್ತದೆ. ಹೊದಿಕೆಯೊಳಗೆ ತೇವವೂ ಕಾವೂ ಒಂದೇ ಸಮ ನಿಲ್ಲುತ್ತವೆ. ರೇಷ್ಮೆಯವರು ಚಾಕಿ ಹುಳುವಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಿ ಹಾಕುವುದೂ ಇದೇ ಲಾಭಕ್ಕೆ, ಎಳೆ ಹುಳುವಿಗೆ ಬೇಕಾದ ಶೇ. 85ರಿಂದ 90ರ ತೇವಾಂಶ ಬಿಡಿ ತಟ್ಟೆಯಲ್ಲಿ ನಿಲ್ಲುವುದಿಲ್ಲ.

ಅಟ್ಟಿ ಬಿಚ್ಚುವ ಹೊತ್ತು ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಸೌತೆ ಜಾತಿ, ಕೋಸು ಜಾತಿ ಮೂರು ದಿನಕ್ಕೇ ತಲೆ ಎತ್ತಬಹುದು. ಟೊಮೆಟೊ ನಾಲ್ಕು ಐದು ದಿನ. ಮೆಣಸಿನಕಾಯಿ ಆರು ದಿನ ದಾಟುತ್ತದೆ, ಮಾಗಿಯ ಚಳಿಯಲ್ಲಿ ಇನ್ನೂ ತಡ. ದಿನದ ಲೆಕ್ಕ ನಂಬಿ ಕೂರಬೇಡಿ. ಮೂರನೇ ದಿನದಿಂದ ಬೆಳಿಗ್ಗೆ, ಸಂಜೆ ಅಟ್ಟಿಯ ಮಧ್ಯದ ಒಂದು ಟ್ರೇ ಎಳೆದು ನೋಡಿ. ಮೇಲಿನದ್ದು ಸಾಕ್ಷಿಯಲ್ಲ, ಮಧ್ಯದಲ್ಲಿ ಕಾವು ಹೆಚ್ಚಿ ಬೇಗ ಮೊಳೆತಿರುತ್ತದೆ. ಅಲ್ಲೊಂದು ಇಲ್ಲೊಂದು ಗುಳಿಯಲ್ಲಿ ಬಾಗಿದ ಬಿಳಿ ದಂಟು ಹಾಸು ಸೀಳಿ ಕಂಡಿತೋ, ಅವತ್ತೇ ಹರಡಬೇಕು. ಒಂದು ರಾತ್ರಿ ತಡವಾದರೂ ಕತ್ತಲಲ್ಲಿ ದಂಟು ಬೆಳಕು ಹುಡುಕಿ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡ ದಂಟು ಮತ್ತೆ ಗಿಡ್ಡವಾಗುವುದಿಲ್ಲ, ಯಾವ ಔಷಧಿಯೂ ಅದನ್ನು ಸರಿಮಾಡುವುದಿಲ್ಲ. ನಾಲ್ಕನೇ ದಿನ ಭಾನುವಾರ ಬಂತು, ಸೋಮವಾರ ಬಿಚ್ಚಿದರಾಯಿತು ಎನ್ನುವ ನರ್ಸರಿಯಲ್ಲಿ ಸಸಿ ಚೆನ್ನಾಗಿರಲು ಸಾಧ್ಯವಿಲ್ಲ.

ಬಲೆಮನೆ ಮತ್ತು ದಿನದ ನೀರು

ಹರಡುವ ಜಾಗಕ್ಕೆ ಮೇಲೆ ಶೇ. 50ರ ನೆರಳು ಬಲೆ, ಸುತ್ತ 40 ಅಥವಾ 50 ಮೆಶ್‌ನ (ಅಂಗುಲಕ್ಕೆ ಅಷ್ಟು ಕಣ್ಣಿನ) ಕೀಟ ನಿರೋಧಕ ಬಲೆ. ಎರಡೂ ಬೇರೆ ಬೇರೆ ಕೆಲಸದವು ಎಂಬುದನ್ನು ಮರೆಯುತ್ತಾರೆ. ಹಸಿರು ನೆರಳು ಬಲೆಯ ಕಣ್ಣಿನಲ್ಲಿ ಬಿಳಿ ನೊಣ ಸಲೀಸಾಗಿ ನುಗ್ಗುತ್ತದೆ. ಟೊಮೆಟೊ ಎಲೆ ಮುದುಡುವ ನಂಜುರೋಗವನ್ನು ಹರಡುವುದು ಅದೇ ನೊಣ. ನರ್ಸರಿಯಲ್ಲಿ ಸೋಂಕು ತಗುಲಿದ ಸಸಿ ಟ್ರೇಯಲ್ಲಿ ಚೊಕ್ಕವಾಗಿಯೇ ಕಾಣಬಹುದು, ಹೊಲದಲ್ಲಿ ನಾಟಿಯಾದ ಮೇಲೆ ಎಲೆ ಮುದುಡಿ ಗಿಡ ಗುಜ್ಜಾಗಿ ನಿಲ್ಲುತ್ತದೆ. ಎಳವೆಯಲ್ಲೇ ಸೋಂಕಾದ ಗಿಡದಿಂದ ಹೇಳಿಕೊಳ್ಳುವ ಫಸಲು ಸಿಗದು. ಬಾಗಿಲು ಎರಡಿರಲಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು. ಬಲೆಮನೆಯ ಸುತ್ತ ಹಳೆಯ ಟೊಮೆಟೊ ಗಿಡ, ಬದನೆ, ಕಳೆ ನಿಂತಿದ್ದರೆ ನೊಣದ ತವರನ್ನು ಪಕ್ಕದಲ್ಲೇ ಸಾಕಿದಂತೆ. ಮೊಳೆತು ವಾರ ಹತ್ತು ದಿನವಾದಾಗ ಒಮ್ಮೆ, ನಾಟಿಗೆ ಮುಂಚೆ ಒಮ್ಮೆ ಇಮಿಡಾಕ್ಲೋಪ್ರಿಡ್ ಕೀಟನಾಶಕವನ್ನು ಲೀಟರಿಗೆ 0.3 ಮಿ.ಲೀ. ಸಿಂಪಡಿಸುವ ಕ್ರಮವಿದೆ. ಬಲೆ ಹರಿದಿದ್ದರೆ ಸಿಂಪರಣೆ ಎಷ್ಟಾದರೂ ಸಾಲದು.

ನೀರಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ದಿನಕ್ಕೆ ಎರಡು ಸಲ, ಮೂರು ಸಲ ಎಂಬ ನಿಯಮ ಹೇಳಿಬಿಟ್ಟರೆ ಕೇಳುವವರಿಗೆ ಸುಲಭ, ಸಸಿಗೆ ಕೇಡು. ಬೀಜದೆಲೆ ಮಾತ್ರ ಇರುವ ಮೊದಲ ವಾರದಲ್ಲಿ ಸಸಿ ಕುಡಿಯುವುದು ತೀರ ಕಡಿಮೆ. ಆಗ ಕೊಲ್ಲುವುದು ಹೆಚ್ಚಿನ ನೀರು. ಮೂರನೇ ವಾರದಲ್ಲಿ ಎಲೆ ನಾಲ್ಕೈದಾಗಿ, ಅದೇ 12 ಗ್ರಾಂ ಹಾಸಿನಿಂದ ಎಲ್ಲ ನೀರು ಹೋಗಬೇಕು. ಬೇಸಿಗೆಯ ಮಧ್ಯಾಹ್ನ ಕೆಲವೇ ಗಂಟೆಯಲ್ಲಿ ಒಣಗುತ್ತದೆ, ಆಗ ಕೊಲ್ಲುವುದು ನೀರಿನ ಕೊರತೆ. ಹಾಗಾಗಿ ಟ್ರೇ ಎತ್ತಿ ತೂಕ ನೋಡುವುದನ್ನು ಕಲಿಯಿರಿ. ನೀರು ಕೊಟ್ಟು ಬಸಿದ ಟ್ರೇಯ ಭಾರ ಕೈಗೆ ಗೊತ್ತಿದ್ದರೆ, ಅದರ ಮೂರನೇ ಒಂದು ಪಾಲು ಇಳಿದಾಗ ಮತ್ತೆ ಕೊಡಬಹುದು. ಮೇಲ್ಪದರ ತಿಳಿಕಂದಾಗಿದೆ ಎಂದು ಕೊಡುವುದು ತಪ್ಪು ಲೆಕ್ಕ, ಕೋಕೋಪೀಟ್ ಮೇಲೆ ಒಣಗಿದಂತೆ ಕಂಡು ಒಳಗೆ ಒದ್ದೆ ಇರುತ್ತದೆ. ಕೊಡುವಾಗ ತಳದ ತೂತಿನಲ್ಲಿ ಹನಿ ಕಾಣುವವರೆಗೆ ಕೊಡಿ, ಇಲ್ಲದಿದ್ದರೆ ಮೇಲರ್ಧ ಮಾತ್ರ ನೆನೆದು ಬೇರು ಅಲ್ಲೇ ಉಳಿಯುತ್ತದೆ. ಬೆಳಿಗ್ಗೆಯ ಹೊತ್ತು ಲೇಸು. ಸಂಜೆ ತಡವಾಗಿ ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆ, ಶಿಲೀಂಧ್ರಕ್ಕೆ ಬೇಕಾದದ್ದು ಅದೇ.

ಹಾಸಿದ ಟ್ರೇಗಳ ಅಂಚಿನ ಸಾಲು ಯಾವಾಗಲೂ ಮೊದಲು ಒಣಗುತ್ತದೆ. ಬಿಸಿಲು, ಗಾಳಿ ಎರಡೂ ಪಕ್ಕದಿಂದ ತಾಗುತ್ತವೆ, ರೋಸ್‌ಕ್ಯಾನಿನ ಧಾರೆ ಮಾತ್ರ ಮಧ್ಯಕ್ಕೇ ಹೆಚ್ಚು ಬೀಳುತ್ತದೆ. ಎಲ್ಲಕ್ಕೂ ಒಂದೇ ಸಮ ಕೊಟ್ಟೆ ಎಂದು ಅಂದುಕೊಂಡರೂ ಮಧ್ಯದ ಸಸಿ ಎತ್ತರ, ಅಂಚಿನದು ಗಿಡ್ಡ ಆಗಲು ಇದೇ ಕಾರಣ. ಮೊದಲು ಅಂಚಿಗೆ ಒಂದು ಸುತ್ತು ಕೊಟ್ಟು ಆಮೇಲೆ ಎಲ್ಲಕ್ಕೂ ಕೊಡಿ, ನಾಲ್ಕೈದು ದಿನಕ್ಕೊಮ್ಮೆ ಅಂಚಿನ ಟ್ರೇ ಒಳಕ್ಕೆ, ಒಳಗಿನದು ಅಂಚಿಗೆ ಬದಲಿಸಿ. ಮುಂಗಾರಿನಲ್ಲಿ ಮಳೆ ನೇರ ಬೀಳದಂತೆ ಕಮಾನು ಕಡ್ಡಿಯ ಮೇಲೆ ಪಾಲಿಥಿನ್ ಹೊದಿಸಿ. ಬಿಸಿಲು ಬಂದ ಕೂಡಲೇ ಅದನ್ನು ಸರಿಸದಿದ್ದರೆ ಒಳಗೆ ಸಸಿ ಬೆಂದುಹೋಗುತ್ತದೆ.

ಗೊಬ್ಬರ ಸರಳ. ಮೊದಲ ನಿಜ ಎಲೆ ಬರುವವರೆಗೆ ಬೀಜದೊಳಗಿನ ಆಹಾರವೇ ಸಾಕು. ಆಮೇಲೆ ಹಾಸಿನಲ್ಲಿ ಏನೂ ಇಲ್ಲ. ಬಿತ್ತಿದ 12ನೇ ದಿನ ಒಮ್ಮೆ, 20ನೇ ದಿನ ಇನ್ನೊಮ್ಮೆ, ಲಘು ಪೋಷಕಾಂಶವೂ ಸೇರಿರುವ, ನೀರಲ್ಲಿ ಪೂರ್ತಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ ಲೀಟರಿಗೆ 3 ಗ್ರಾಂ. ಸಸಿ ಬಣ್ಣ ಏರಲಿ ಎಂದು ಯೂರಿಯಾ ಸಿಂಪಡಿಸುವುದು ಮಾರುವವರ ದಾರಿ. ಎಲೆ ಕಡುಹಸಿರಾಗಿ, ದಂಟು ನೀರುನೀರಾಗಿ, ಹೊಲದ ಬಿಸಿಲಿಗೆ ಒಂದೇ ದಿನದಲ್ಲಿ ಮಲಗುತ್ತದೆ.

ಇನ್ನು ಸಸಿ ಸಾಯುವ ರೋಗ. ಬೆಳಿಗ್ಗೆ ನೋಡುವಾಗ ಅಲ್ಲಲ್ಲಿ ಗುಂಪಾಗಿ ಸಸಿ ಮಲಗಿರುತ್ತದೆ, ಬುಡ ಹಾಸನ್ನು ತಾಗುವಲ್ಲಿ ನೀರು ಕುಡಿದಂತಾಗಿ ನೂಲಿನಷ್ಟು ಸಣಕಲಾಗಿರುತ್ತದೆ. ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳ ಕೆಲಸ. ಇವು ಬರುವುದು ತೊಳೆಯದ ಹಳೆಯ ಟ್ರೇಯಿಂದ, ಮಣ್ಣು ಮೆತ್ತಿದ ಕೈಯಿಂದ, ತೆರೆದ ತೊಟ್ಟಿಯ ನೀರಿಂದ. ಬೆಳೆಯುವುದು ಕೆಸರು ಹಾಸಿನಲ್ಲಿ. ಕಂಡ ದಿನ ಆ ಟ್ರೇ ಬೇರೆ ಮಾಡಿ, ನೀರು ತಡೆದು, ಉಳಿದವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಲೀಟರಿಗೆ 3 ಗ್ರಾಂ ಬೆರೆಸಿ ಬುಡ ನೆನೆಸಿ. ಟ್ರೈಕೋಡರ್ಮಾ ಬೆರೆಸಿದ ಹಾಸಿನಲ್ಲಿ ಬಿತ್ತುವುದು ಮುಂಜಾಗ್ರತೆ. ಆದರೆ ಎರಡನ್ನೂ ಒಟ್ಟಿಗೆ ಕೊಡಬೇಡಿ, ತಾಮ್ರ ಆ ಉಪಕಾರಿ ಶಿಲೀಂಧ್ರವನ್ನೂ ಹತ್ತಿಕ್ಕುತ್ತದೆ.

ನಾಟಿಯ ಹೊತ್ತು

ಟೊಮೆಟೊ, ಕೋಸುಗಳು 21ರಿಂದ 25 ದಿನ. ಬದನೆ ಒಂದು ತಿಂಗಳು, ತುಸು ಹೆಚ್ಚು. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ 35ರಿಂದ 40. ಸೌತೆ, ಕಲ್ಲಂಗಡಿ ಎರಡೇ ವಾರ. ಕೊನೆಯ ಐದಾರು ದಿನ ನೆರಳು ಬಲೆ ಸರಿಸಿ, ನೀರು ಇಳಿಸಿ ಸಸಿಯನ್ನು ಬಿಸಿಲಿಗೆ ಒಗ್ಗಿಸಿ. ಬಾಡಿಸುವುದಲ್ಲ, ಇಳಿಸುವುದು. ಎಲೆ ದಪ್ಪಗಾಗಿ, ದಂಟಿನ ಬುಡಕ್ಕೆ ತುಸು ನೇರಳೆ ಛಾಯೆ ಬಂದರೆ ಒಗ್ಗಿದೆ ಎಂದರ್ಥ.

ಕೊಳ್ಳುವವರು ಎಲೆ ನೋಡಿ ಬೆಲೆ ಮಾತಾಡುತ್ತಾರೆ. ದಯವಿಟ್ಟು ಬೇರು ನೋಡಿ. ಟ್ರೇಯ ಮೂರು ಜಾಗದಿಂದ ಒಂದೊಂದು ಸಸಿ ಎತ್ತಿಸಿ. ಬೇರುಮುದ್ದೆ ಇಡಿಯಾಗಿ ಬರಬೇಕು, ಸುತ್ತಲೂ ಬಿಳಿ ಬೇರು ಕಾಣಬೇಕು. ಹಾಸು ಉದುರಿದರೆ ಸಸಿ ಇನ್ನೂ ಎಳೆಯದು. ಬೇರು ಕಂದಾಗಿ ತಳದಲ್ಲಿ ಚಾಪೆ ಕಟ್ಟಿದ್ದರೆ ದಿನ ಮೀರಿದೆ. ಮಳೆ ಬರಲಿಲ್ಲ, ಬೆಲೆ ಬಿದ್ದಿದೆ ಎಂದು ನಾಟಿ ಮುಂದೂಡಿದ ಸಸಿ ಟ್ರೇಯಲ್ಲೇ ಮುದಿಯಾಗುತ್ತದೆ, ಟೊಮೆಟೊ ಅಲ್ಲೇ ಮೊಗ್ಗು ಬಿಡುವುದೂ ಉಂಟು. ಅಂಥದ್ದು ಹೊಲದಲ್ಲಿ ಬೇರು ಬಿಡುವ ಬದಲು ಹೂವಿಗೆ ಹೋಗಿ ಗಿಡ ಕಟ್ಟುವುದೇ ಇಲ್ಲ. ಬಿತ್ತಿದ ತಾರೀಕು ಬರೆದ ಚೀಟಿ ಟ್ರೇಗೆ ಅಂಟಿಸಿ ಕೊಡುವಂತೆ ಕೇಳಿ, ಅದು ನಿಮ್ಮ ಹಕ್ಕು.

ನಾಟಿಗೆ ಒಂದು ತಾಸು ಮುಂಚೆ ಟ್ರೇ ಚೆನ್ನಾಗಿ ನೆನೆಸಿ. ತಳದ ತೂತಿನಿಂದ ಕಡ್ಡಿಯಲ್ಲಿ ಮೆಲ್ಲನೆ ಮೇಲೆತ್ತಿ. ದಂಟು ಹಿಡಿದು ಜಗ್ಗಬೇಡಿ. ಕುಣಿಯಲ್ಲಿಟ್ಟ ಮೇಲೆ ಬೇರುಮುದ್ದೆಯ ಮೇಲ್ಭಾಗ ಒಂದು ಸೆಂ.ಮೀ. ಮಣ್ಣಿನಡಿ ಹೋಗಬೇಕು. ಕೋಕೋಪೀಟ್ ಹೊರಗೆ ಕಂಡರೆ ಅದು ಬತ್ತಿಯ ಹಾಗೆ ಒಳಗಿನ ನೀರನ್ನು ಗಾಳಿಗೆ ಬಿಟ್ಟು ಒಣಗುತ್ತದೆ, ಸುತ್ತಲಿನ ಮಣ್ಣು ಒದ್ದೆ ಇದ್ದರೂ ಸಸಿ ಬಾಡುತ್ತದೆ. ಹನಿ ನೀರಾವರಿಯವರು ಮೊದಲ ವಾರ ಹನಿ ನೇರ ಬುಡಕ್ಕೇ ಬೀಳುತ್ತಿದೆಯೇ ನೋಡಿಕೊಳ್ಳಿ, ಬೇರು ಇನ್ನೂ ಆ ಮುದ್ದೆ ಬಿಟ್ಟು ಹೊರಗೆ ಬಂದಿರುವುದಿಲ್ಲ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು

ಕಬ್ಬಿಗೆ ಈ ಟ್ರೇ ಆಗುತ್ತದೆಯೇ ಎಂದು ಕೇಳಿದರು. 98ರದ್ದು ಆಗದು. ಕಬ್ಬಿನ ಕಣ್ಣನ್ನು ಚಿಪ್ಪಿನಂತೆ ಕೆತ್ತಿ ಬೆಳೆಸಲು ದೊಡ್ಡ ಗುಳಿಯ, 50ರ ಟ್ರೇ ಬೇಕು. 5 ಅಡಿ ಸಾಲು, 2 ಅಡಿ ಅಂತರದಲ್ಲಿ ಎಕರೆಗೆ ಸುಮಾರು 4,400 ಸಸಿ, ಹುಸಿಹೋಗುವುದಕ್ಕೆ ಸೇರಿಸಿ 5,000 ಎಂದು ಹಿಡಿದರೆ 100 ಟ್ರೇ. ತುಂಡು ನಾಟಿಯಲ್ಲಿ ಟನ್‌ಗಟ್ಟಲೆ ಹೋಗುತ್ತಿದ್ದ ಬಿತ್ತನೆ ಕಬ್ಬು ಗಾಣಕ್ಕೆ ಉಳಿಯುತ್ತದೆ.

ಭತ್ತದ ಯಂತ್ರ ನಾಟಿಯ ಟ್ರೇಗೆ ಗುಳಿ ಯಾಕಿಲ್ಲ ಎಂಬುದು ಒಳ್ಳೆಯ ಪ್ರಶ್ನೆ. ಜಪಾನಿನಿಂದ ಬಂದ ಆ ಟ್ರೇ 58 ಸೆಂ.ಮೀ. ಉದ್ದ, 28 ಅಗಲ, 3 ಆಳದ ಮಟ್ಟಸ ತಟ್ಟೆ. ಪ್ರೋಟ್ರೇಯಲ್ಲಿ ಒಂದರ ಬೇರು ಇನ್ನೊಂದಕ್ಕೆ ತಾಗಬಾರದು. ಅಲ್ಲಿ ಎಲ್ಲ ಬೇರೂ ಹೆಣೆದು ಒಂದೇ ಚಾಪೆಯಾಗಬೇಕು. ಚಾಪೆ ಸುರುಳಿ ಸುತ್ತಿ ಯಂತ್ರಕ್ಕೆ ಕೂರಿಸಿದರೆ ಅದರ ಕೊಕ್ಕೆ ಚೂರು ಚೂರಾಗಿ ಕಿತ್ತು ನೆಡುತ್ತದೆ. ಬೀಜ ತೆಳುವಾಗಿ ಚೆಲ್ಲಿದ ಜಾಗದಲ್ಲಿ ಚಾಪೆ ಹರಿದು ಸಾಲಿನಲ್ಲಿ ತೆರಪು ಬೀಳುತ್ತದೆ.

ಹಳೆಯ ಟ್ರೇ ಮತ್ತೆ ಬಳಸುವ ಬಗ್ಗೆ ಬಹಳ ಜನ ಕೇಳಿದರು. ಬಳಸಬಹುದು, ಆದರೆ ನೀರಲ್ಲಿ ಜಾಲಿಸಿದರೆ ಸಾಲದು. ಟೊಮೆಟೊ ಮೊಸಾಯಿಕ್ ನಂಜು ಒಣಗಿದ ಬೇರಿನ ಚೂರಿನಲ್ಲೂ ಬಹುಕಾಲ ಉಳಿಯುತ್ತದೆ. ಮೊದಲು ಬ್ರಷ್ ಹಾಕಿ ಅಂಟಿದ ಹಾಸು, ಬೇರು ಪೂರ್ತಿ ತೆಗೆಯಿರಿ. ಕಸ ಉಳಿದರೆ ಕ್ಲೋರಿನ್ ಶಕ್ತಿಯೆಲ್ಲ ಅದರ ಮೇಲೆಯೇ ವ್ಯಯವಾಗುತ್ತದೆ. ಆಮೇಲೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ, ಅರ್ಧ ಗಂಟೆ ಮುಳುಗಿಸಿಡಿ. ಕೈಗವಸು ಇರಲಿ, ಬೇರೆ ಯಾವ ರಾಸಾಯನಿಕವನ್ನೂ ಅದಕ್ಕೆ ಬೆರೆಸಬೇಡಿ. ಸಿಹಿನೀರಲ್ಲಿ ಎರಡು ಸಲ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗಿ ಮುಂದಿನ ಸಲ ಎತ್ತುವಾಗಲೇ ಮೂಲೆ ಸೀಳುತ್ತದೆ. ಸೀಳಿದ ಟ್ರೇಯನ್ನು ಗದ್ದೆ ಬದಿಯಲ್ಲಿ ಸುಡಬೇಡಿ, ಗುಜರಿಗೆ ಕೊಡಿ. ಉಳಿದ ಹಳೆಯ ಕೋಕೋಪೀಟನ್ನು ಮತ್ತೆ ಟ್ರೇಗೆ ತುಂಬದೆ ತಿಪ್ಪೆಗೋ ತೆಂಗಿನ ಪಾತಿಗೋ ಹಾಕಿ. ರೋಗ ಬಂದ ಟ್ರೇಯ ಹಾಸಾದರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆಯುವ ಜಾಗಕ್ಕೆ ಹೋಗದಂತೆ ನೋಡಿಕೊಳ್ಳಿ.